ಹುಳುವಿನಿಂದ ತೊಡೆಯ ಸ್ನಾಯುವಿನವರೆಗೆ

ಬಹಳ ದಿನ ಬಿಟ್ಟು ಬಸ್ಕಿ ಹೊಡೆದವರಿಗೆ ತೊಡೆ ಆ ಹೊತ್ತಿಗಲ್ಲ, ಒಂದೆರಡು ದಿನ ಕಳೆದ ಮೇಲೆ ನೋಯುತ್ತದೆ. ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಭಾರ ಹೊತ್ತು ಎಳೆದಾಡಿದ ಸ್ನಾಯುವಿನ ಎಳೆಗಳಲ್ಲಿ ಆದ ಅತಿ ಸೂಕ್ಷ್ಮ ಹಾನಿ, ಅದರ ಬೆನ್ನಿಗೇ ಬರುವ ಉರಿಯೂತ ಇದಕ್ಕೆ ಕಾರಣ. ಕೆಲವು ದಿನಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಆದರೆ ನೋವು ಇಳಿಯುವುದು ಬೇರೆ, ಕುಗ್ಗಿದ ಬಲ ಮರಳಿ ಬರುವುದು ಬೇರೆ, ಎಳೆಗಳೊಳಗೆ ಹೊಸ ಪ್ರೋಟೀನ್ ಕಟ್ಟಿಕೊಳ್ಳುವುದು ಇನ್ನೂ ಬೇರೆ. ಜಿಮ್ಮುಗಳ ಮುಂದೆ ಮಾರಾಟಕ್ಕಿರುವ ಡಬ್ಬಿಗಳ ಮೇಲೆ ಮಾತ್ರ ಈ ಮೂರೂ ಕಲಸಿಹೋಗಿರುತ್ತವೆ. ಕೀಟಗಳ ಪ್ರೋಟೀನಿನ ವಿಷಯ ಮಾತಾಡುವ ಮೊದಲು ಇವನ್ನು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ನಮ್ಮ ಕೈಯಲ್ಲಿರುವ ಗಟ್ಟಿಯಾದ ಪುರಾವೆ ಹೆಚ್ಚಾಗಿ ಮೂರನೆಯದರ ಬಗ್ಗೆ.

ಹಾಲಿನ ವೇ, ಸೋಯಾ, ಬಟಾಣಿಗಳ ಸಾಲಿಗೆ ಕೀಟಗಳ ಪುಡಿ ಬಂದು ನಿಂತದ್ದು ಈಚೆಗೆ. ಯುರೋಪಿನ ಒಕ್ಕೂಟ 2021ರಲ್ಲಿ ಒಣಗಿಸಿದ ಹಳದಿ ಹಿಟ್ಟುಹುಳುವನ್ನು ಮನುಷ್ಯರ ಆಹಾರವಾಗಿ ಒಪ್ಪಿತು. ಅದೇ ವರ್ಷ ಮಿಡತೆ, 2022ರಲ್ಲಿ ಮನೆಚಿಮ್ಮಂಡೆ, 2023ರ ಜನವರಿಯಲ್ಲಿ ಕಿರು ಹಿಟ್ಟುಹುಳು ಆ ಪಟ್ಟಿಗೆ ಸೇರಿದವು. ಸಿಂಗಪುರ 2024ರ ಜುಲೈನಲ್ಲಿ 16 ಬಗೆಯ ಕೀಟಗಳಿಗೆ ಅನುಮತಿ ಕೊಟ್ಟಿತು. ಕಿರು ಹಿಟ್ಟುಹುಳು ಎಂದರೆ ಕೋಳಿ ಫಾರ್ಮುಗಳ ನೆಲಹಾಸಿನಲ್ಲಿ ಓಡಾಡುವ ಪುಟ್ಟ ಕಪ್ಪು ಜೀರುಂಡೆಯ ಮರಿ. ಆಹಾರಕ್ಕೆಂದು ಸಾಕುವಾಗ ಅದಕ್ಕೆ ಧಾನ್ಯದ ತೌಡು, ತರಕಾರಿಯಂಥ ಶುದ್ಧ ಮೇವು ಹಾಕುತ್ತಾರೆ.

ಈ ಮರಿಯ ಪ್ರೋಟೀನ್ ವ್ಯಾಯಾಮ ಮಾಡಿದವರ ಸ್ನಾಯುವನ್ನು ನಿಜವಾಗಿ ತಲುಪುತ್ತದೆಯೇ? ನೆದರ್ಲೆಂಡ್ಸಿನ ಮಾಸ್ಟ್ರಿಖ್ಟ್ ವಿಶ್ವವಿದ್ಯಾಲಯದಲ್ಲಿ ಲುಕ್ ವಾನ್ ಲೂನ್ ಅವರ ತಂಡ ಇದಕ್ಕೆ ಉತ್ತರ ಹುಡುಕಿದ ರೀತಿ ಬಹಳ ಸೊಗಸಾದದ್ದು. ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಒಮ್ಮೆ ರಕ್ತಕ್ಕಿಳಿದರೆ ಮೊದಲೇ ಅಲ್ಲಿದ್ದ ಅಮೈನೋ ಆಮ್ಲ ಯಾವುದು, ಈಗ ತಿಂದ ಊಟದಿಂದ ಬಂದದ್ದು ಯಾವುದು ಎಂದು ಹೇಳಲಾಗದು. ಆದ್ದರಿಂದ, ಕುರಿಗಾಹಿ ತನ್ನ ಕುರಿಗಳ ಮೈಗೆ ಬಣ್ಣ ಹಚ್ಚಿ ಮಂದೆಗೆ ಬಿಡುವಂತೆ, ಅವರು ಪ್ರೋಟೀನಿಗೇ ಗುರುತು ಹಾಕಿದರು. ಫೀನೈಲ್‌ಅಲನೀನ್ ಎಂಬ ಅಮೈನೋ ಆಮ್ಲದಲ್ಲಿ ಸಾಮಾನ್ಯ ಕಾರ್ಬನ್ನಿನ ಜಾಗದಲ್ಲಿ ತುಸು ಭಾರದ, ವಿಕಿರಣವಿಲ್ಲದ ಕಾರ್ಬನ್-13 ಇರುವಂತೆ ಮಾಡಿ, ಅದು ಹುಳುಗಳ ಮೈಯಲ್ಲೇ ಪ್ರೋಟೀನಾಗಿ ಹೆಣೆದುಕೊಳ್ಳುವಂತೆ ಅವನ್ನು ಬೆಳೆಸಿದರು. ಹೋಲಿಕೆಗೆ ಬೇಕಾದ ಹಾಲಿನ ಪ್ರೋಟೀನಿಗೂ ಇಂಥದ್ದೇ ಗುರುತು ಇತ್ತು. ಫೀನೈಲ್‌ಅಲನೀನನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ನಮ್ಮ ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು, ಹೊರಗಿನಿಂದಲೇ ಬರಬೇಕು.

ಆರೋಗ್ಯವಂತರಾದ 24 ಯುವಕರು ಒಂದೇ ಕಾಲಿನಿಂದ ಭಾರದ ವ್ಯಾಯಾಮ ಮಾಡಿದರು. ಇನ್ನೊಂದು ಕಾಲು ವಿಶ್ರಾಂತಿಯಲ್ಲಿತ್ತು. ಹೀಗೆ ದುಡಿದ ಸ್ನಾಯು, ದುಡಿಯದ ಸ್ನಾಯು ಎರಡೂ ಒಬ್ಬನ ಮೈಯಲ್ಲೇ ಸಿಕ್ಕವು. ಅನಂತರ ಕೆಲವರು 30 ಗ್ರಾಂ ಹುಳುವಿನ ಪ್ರೋಟೀನ್, ಉಳಿದವರು 30 ಗ್ರಾಂ ಹಾಲಿನ ಪ್ರೋಟೀನ್ ಕುಡಿದರು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಕುಡಿದವರಿಗೂ ಅಳೆಯುವವರಿಗೂ ಗೊತ್ತಿರಲಿಲ್ಲ. ಮುಂದಿನ ಐದು ಗಂಟೆ ಮತ್ತೆ ಮತ್ತೆ ರಕ್ತ ತೆಗೆದರು, ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರುಗಳನ್ನು ತೆಗೆದು ನೋಡಿದರು. ಗುರುತು ಹಾಕಿದ ಫೀನೈಲ್‌ಅಲನೀನಿನಲ್ಲಿ ಹುಳುವಿನಿಂದ ಬಂದದ್ದು ಶೇ 73ರಷ್ಟು, ಹಾಲಿನಿಂದ ಬಂದದ್ದು ಶೇ 77ರಷ್ಟು ರಕ್ತಕ್ಕೆ ಇಳಿದಿತ್ತು. ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗ ಎರಡೂ ಗುಂಪುಗಳಲ್ಲಿ ಏರಿತು. ದುಡಿದ ಕಾಲಿನಲ್ಲಿ ಇನ್ನಷ್ಟು ಏರಿತು. ಹಾಲು ಕುಡಿದವರಿಗೂ ಹುಳು ಕುಡಿದವರಿಗೂ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ಫಲಿತಾಂಶ 2021ರಲ್ಲಿ ಪ್ರಕಟವಾಯಿತು.

ಸ್ನಾಯುವಿಗೆ ಬೇಕಾದದ್ದು ಅಮೈನೋ ಆಮ್ಲಗಳು, ಅವು ಎಲ್ಲಿಂದ ಬಂದವು ಎಂಬುದಲ್ಲ. ಅವುಗಳಲ್ಲಿ ಲ್ಯೂಸಿನ್ ಎಂಬುದು ಎರಡು ಕೆಲಸ ಮಾಡುತ್ತದೆ. ತಾನು ಕಟ್ಟಡಕ್ಕೆ ಸೇರುವುದಲ್ಲದೆ, ಕಟ್ಟುವ ಕೆಲಸ ಶುರುಮಾಡಲು ಜೀವಕೋಶಕ್ಕೆ ಸೂಚನೆಯನ್ನೂ ಕೊಡುತ್ತದೆ. ವೇ ಪ್ರೋಟೀನಿನಲ್ಲಿ ಲ್ಯೂಸಿನ್ ಶೇ 10ರ ಆಸುಪಾಸಿನಲ್ಲಿದ್ದರೆ ಕೀಟಗಳಲ್ಲಿ ಅದಕ್ಕಿಂತ ಕಡಿಮೆ. ಡೆನ್ಮಾರ್ಕಿನಲ್ಲಿ ಆರು ಜನರ ಮೇಲೆ ನಡೆದ ಒಂದು ಸಣ್ಣ ಪ್ರಯೋಗದಲ್ಲಿ ವೇ, ಸೋಯಾ, ಕೀಟ ಮೂರರ ಪ್ರೋಟೀನನ್ನೂ ತಲಾ 25 ಗ್ರಾಂ ಕೊಟ್ಟು ನೋಡಿದಾಗ, ರಕ್ತದಲ್ಲಿ ಅಮೈನೋ ಆಮ್ಲಗಳನ್ನು ಏರಿಸುವುದರಲ್ಲಿ ವೇ ಮುಂದಿತ್ತು. ಕೀಟದ ಪ್ರೋಟೀನ್ ಸೋಯಾದ ಜೊತೆಗೆ ಸಮನಾಗಿ ನಿಂತಿತು. 30 ಗ್ರಾಮಿನಷ್ಟು ಕುಡಿದರೆ ಲ್ಯೂಸಿನ್ನಿನ ಈ ಕೊರತೆ ಬಹುಪಾಲು ತುಂಬಿಹೋಗುತ್ತದೆ ಎಂದು ಮಾಸ್ಟ್ರಿಖ್ಟಿನ ಫಲಿತಾಂಶ ನೋಡಿದರೆ ಅನ್ನಿಸುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಕೀಟದ ಪುಡಿ ಮಾರುವವರಿಗೆ ಬಹಳ ಅನುಕೂಲ. ಆದರೆ ಐದು ಗಂಟೆಯ ಅಳತೆ ತಿಂಗಳುಗಳ ಫಲವನ್ನು ಹೇಳಲಾರದು. ಡೆನ್ಮಾರ್ಕಿನ ಆ ತಂಡವೇ 2018ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತ್ತು. ಅದರಲ್ಲಿ ಯುವಕರು ಎಂಟು ವಾರ ಭಾರ ಎತ್ತುವ ತರಬೇತಿ ಪಡೆದರು. ಅರ್ಧ ಜನ ಕಿರು ಹಿಟ್ಟುಹುಳುವಿನ ಪ್ರೋಟೀನ್ ಬಾರ್ ತಿಂದರು, ಉಳಿದವರು ಅಷ್ಟೇ ಕ್ಯಾಲೊರಿಯ ಕಾರ್ಬೋಹೈಡ್ರೇಟ್ ಬಾರ್ ತಿಂದರು. ಕೊನೆಯವರೆಗೆ ಉಳಿದ 18 ಜನರನ್ನು ಅಳೆದಾಗ ಪ್ರೋಟೀನ್ ತಿಂದವರ ಕೊಬ್ಬುರಹಿತ ತೂಕ ಸರಾಸರಿ 2.7 ಕಿಲೋ ಏರಿತ್ತು. ತಿನ್ನದವರದು 2.5 ಕಿಲೋ. ಬಲದಲ್ಲೂ ಗಮನಾರ್ಹ ಅಂತರ ಇರಲಿಲ್ಲ. ಆ ಹುಡುಗರ ದಿನನಿತ್ಯದ ಊಟದಲ್ಲೇ ಸಾಕಷ್ಟು ಪ್ರೋಟೀನ್ ಇತ್ತು, ಮೇಲೆ ಸುರಿದದ್ದಕ್ಕೆ ಮಾಡಲು ಕೆಲಸ ಉಳಿದಿರಲಿಲ್ಲ ಎಂಬುದು ಇದಕ್ಕೆ ನಂಬಬಹುದಾದ ವಿವರಣೆ. ಸ್ನಾಯುವನ್ನು ಬೆಳೆಸಿದ್ದು ತರಬೇತಿ.

ನನಗೆ ಎಂಟು ವಾರದ ಈ ಪ್ರಯೋಗ ಮಾಸ್ಟ್ರಿಖ್ಟಿನದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಕೀಟದ ಪುಡಿಯಾಗಲಿ ಹಾಲಿನ ಪುಡಿಯಾಗಲಿ, ಊಟದಲ್ಲಿ ಕೊರತೆ ಇದ್ದವರಿಗೆ ಮಾತ್ರ ನೆರವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಪ್ರತಿ ಕಿಲೋಗೆ 1.6 ಗ್ರಾಮಿನವರೆಗೆ ಪ್ರಯೋಜನ ಸಿಗುತ್ತದೆ, ಅದರಾಚೆ ಹೆಚ್ಚಿನ ಲಾಭವಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆ ಹೇಳಿತು. ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆಯಲ್ಲಿ ದಿನ ಮುಗಿಸಿ ಸಂಜೆ ಜಿಮ್ಮಿಗೆ ಹೋಗುವವನು ಆ ಮಟ್ಟ ಮುಟ್ಟುವುದಿಲ್ಲ. ಅವನಿಗೆ ಕೊರತೆ ನಿಜ. ಆದರೆ ಹುರುಳಿ, ಕಡಲೆ, ಸೋಯಾ, ಹಾಲು, ಮೊಟ್ಟೆಗಳಿಂದಲೂ ಅದು ತುಂಬುತ್ತದೆ. ಇನ್ನು ಮೈಕೈ ನೋವು ಬೇಗ ಇಳಿಯುತ್ತದೆ ಎಂಬ ಭರವಸೆಗೆ ಯಾವ ಪ್ರೋಟೀನಿನಲ್ಲೂ ಬಲವಾದ ಆಧಾರವಿಲ್ಲ, ಕೀಟದಲ್ಲೂ ಇಲ್ಲ.

ಡಬ್ಬಿಯ ಮೇಲಿನ ಅಂಕಿಯ ವಿಷಯಕ್ಕೆ ಬರೋಣ. ಆಹಾರದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದು ಅಪರೂಪ. ಸಾರಜನಕ ಅಳೆದು ಅದನ್ನು 6.25ರಿಂದ ಗುಣಿಸುವುದು ರೂಢಿ. ಕೀಟದ ಹೊರಕವಚದಲ್ಲಿ ಕೈಟಿನ್ ಇದೆ. ಅದು ಪ್ರೋಟೀನಲ್ಲ, ನಾರಿನ ಜಾತಿಯದು, ಆದರೆ ಅದರಲ್ಲೂ ಸಾರಜನಕವಿದೆ. ಹಾಗಾಗಿ ಲೆಕ್ಕ ಉಬ್ಬುತ್ತದೆ. ನೆದರ್ಲೆಂಡ್ಸಿನ ವಾಗೆನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಮೂರು ಬಗೆಯ ಮರಿಹುಳುಗಳನ್ನು ಪರೀಕ್ಷಿಸಿ, ಇಡೀ ಹುಳುವಿನ ಪುಡಿಗೆ 4.76ರಿಂದ ಗುಣಿಸುವುದು ಸರಿ ಎಂದರು. ಹಳೆಯ ಲೆಕ್ಕದಲ್ಲಿ ನೂರು ಗ್ರಾಮಿಗೆ 60 ಗ್ರಾಂ ಎಂದು ಬರೆದದ್ದು ಹೊಸ ಲೆಕ್ಕದಲ್ಲಿ ಸುಮಾರು 46 ಗ್ರಾಮಿಗೆ ಇಳಿಯುತ್ತದೆ. ಕೊಳ್ಳುವವರು ದುಡ್ಡು ಕೊಡುವುದು ಗ್ರಾಮಿನ ಲೆಕ್ಕದಲ್ಲಿ. ಆದ್ದರಿಂದ ಇದು ಪ್ರಯೋಗಾಲಯದ ಒಳಜಗಳ ಎಂದು ಬದಿಗಿಡುವಂಥದ್ದಲ್ಲ.

ಅಲರ್ಜಿಯ ಅಪಾಯ ಇನ್ನೂ ಗಂಭೀರ. ಕೀಟ, ಸೀಗಡಿ, ಏಡಿ ಹತ್ತಿರದ ಬಳಗ. ಸೀಗಡಿ ತಿಂದರೆ ಕೆಲವರ ಗಂಟಲು ಊದಿಕೊಳ್ಳಲು ಕಾರಣವಾಗುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಕೀಟಗಳಲ್ಲೂ ಇದೆ, ಮನೆಯ ಧೂಳಿನ ನುಸಿಗಳಲ್ಲೂ ಇದೆ. ಅಂಥವರಿಗೆ ತೊಂದರೆಯಾಗಬಹುದೆಂದು ಪೊಟ್ಟಣದ ಮೇಲೆ ಬರೆಯುವುದು ಯುರೋಪಿನಲ್ಲಿ ಕಡ್ಡಾಯ. ಸೀಗಡಿ ಆಗದವರು ಕೀಟದ ಪುಡಿಯನ್ನು ಪರೀಕ್ಷೆಗೆಂದು ಒಂದು ಚಿಟಿಕೆ ಕೂಡ ನಾಲಿಗೆಗೆ ಹಾಕಿಕೊಳ್ಳಬಾರದು. ಮೂತ್ರಪಿಂಡದ ಕಾಯಿಲೆ ಇರುವವರು ಯಾವ ಪ್ರೋಟೀನ್ ಪುಡಿಯನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಹಾಲು, ಬೇಳೆ ಇರುವಾಗ ಹುಳುವಿನ ಗೊಡವೆ ಏಕೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರ ವರದಿಯಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಒಂದು ಕಿಲೋ ಕೀಟ ಬೆಳೆಯಲು ಸುಮಾರು 2 ಕಿಲೋ ಮೇವು ಸಾಕು, ದನದ ಮೈ ಒಂದು ಕಿಲೋ ಹೆಚ್ಚಲು 8 ಕಿಲೋ ಬೇಕು. ಕೀಟ ಮೈ ಬಿಸಿಯಾಗಿಟ್ಟುಕೊಳ್ಳಲು ಶಕ್ತಿ ವ್ಯಯಿಸುವುದಿಲ್ಲ. ಮಾಂಸಕ್ಕೆ ಹೋಲಿಸಿದರೆ ಇದು ದೊಡ್ಡ ಲಾಭ. ಬೇಳೆಕಾಳಿಗೆ ಹೋಲಿಸಿದರೆ ಅಲ್ಲ. ಪ್ರಚಾರ ಮಾಡುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಕೀಟ ತಿನ್ನುವುದು ನಮ್ಮ ನಾಡಿಗೂ ಹೊಸದಲ್ಲ. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿ ಅರೆಯುತ್ತಾರೆ. ಬಯಲುಸೀಮೆಯ ಕೆಲವೆಡೆ ಮೊದಲ ಮಳೆಗೆ ಹುತ್ತದಿಂದೇಳುವ ಈಸಲು ಹುಳುಗಳನ್ನು ಹುರಿದು ತಿನ್ನುವವರಿದ್ದಾರೆ. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇಡ ಎನ್ನುವವರ ನಂಬಿಕೆಗೂ ರುಚಿಗೂ ಪೂರ್ತಿ ಗೌರವ ಸಲ್ಲಬೇಕು, ತಿನ್ನುವವರನ್ನು ಕೀಳಾಗಿ ಕಾಣುವುದೂ ನಿಲ್ಲಬೇಕು.

ಕರ್ನಾಟಕದಲ್ಲಿ ನಿಜವಾಗಿ ಯೋಚಿಸಬೇಕಾದದ್ದು ರೇಷ್ಮೆಯ ಹುಳು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕು, ಹಸಿ ಗೂಡಿನ ತೂಕದಲ್ಲಿ ಹೆಚ್ಚಿನ ಪಾಲು ಒಳಗಿನ ಪ್ಯೂಪಾದ್ದೇ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರಾಶಿ ಕೋಳಿ ಮೀನುಗಳ ಮೇವಿಗೆ, ಎಣ್ಣೆಗೆ, ಗೊಬ್ಬರಕ್ಕೆ ಹೋಗುತ್ತದೆ. ಒಣಗಿಸಿದ ಪ್ಯೂಪಾದ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಪ್ಯೂಪಾ ಆದರದ ಊಟ, ಕೊರಿಯಾದಲ್ಲಿ ಬೀದಿಬದಿಯ ತಿಂಡಿ. ಹಾಗೆಂದು ಈಗಿನ ರಾಶಿಯನ್ನೇ ಬೀಸಿ ಡಬ್ಬಿಗೆ ತುಂಬುವಂತಿಲ್ಲ. ಪ್ಯೂಪಾದ ಕೊಬ್ಬು ಬೇಗ ಕಮಟುತ್ತದೆ, ರಾಮನಗರ, ಶಿಡ್ಲಘಟ್ಟಗಳ ಬೀದಿಗಳಲ್ಲಿ ನಡೆದವರಿಗೆ ಅದರ ವಾಸನೆ ಗೊತ್ತು. ನೂಲು ಬಿಚ್ಚುವ ಕೆಲಸಗಾರರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದು ಹಳೆಯ ಸಮಸ್ಯೆ. ಚೀನಾದಲ್ಲಿ ಪ್ಯೂಪಾ ತಿಂದು ತೀವ್ರ ಅಲರ್ಜಿಯಾದ ಪ್ರಕರಣಗಳು ವರದಿಯಾಗಿವೆ. ನೂಲು ಬಿಚ್ಚಿದ ಕೂಡಲೇ ಪ್ಯೂಪಾವನ್ನು ಬೇರ್ಪಡಿಸಿ ಒಣಗಿಸಬೇಕು, ಕೊಬ್ಬು ತೆಗೆಯಬೇಕು, ಹಿಪ್ಪುನೇರಳೆಗೆ ಹೊಡೆದ ಔಷಧಿಯ ಶೇಷ ಪರೀಕ್ಷಿಸಬೇಕು, ಪುಡಿ ಮಾಡುವವರ ಉಸಿರಿಗೆ ಧೂಳು ಹೋಗದಂತೆ ನೋಡಿಕೊಳ್ಳಬೇಕು. ಇಷ್ಟೂ ಆಗಿ ಅದು ಆಹಾರವೆಂದು ಮಾರಾಟವಾದರೆ, ಬಿಸಿನೀರಿನಲ್ಲಿ ಕೈಯದ್ದಿ ಎಳೆ ಹುಡುಕುವ ಹೆಂಗಸರಿಗೆ ಆ ಬೆಲೆಯಲ್ಲಿ ಪಾಲು ಸಿಗಬೇಕೆಂದು ಮೊದಲೇ ಬರೆದುಕೊಳ್ಳಬೇಕು.