ಕೊಟ್ಟೂರಿನ ತೇರಿಗೆ ಹೋಗುವವರಿಗೆ

ಮಾಘ ಮಾಸದ ಬಹುಳ ಪಕ್ಷ ಬಂತೆಂದರೆ ಈ ಬಯಲುಸೀಮೆಯ ಹಾದಿಗಳೆಲ್ಲ ಒಂದೇ ಊರಿನ ಕಡೆಗೆ ಮುಖ ಮಾಡುತ್ತವೆ. ದಾವಣಗೆರೆ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ಕಡೆಯಿಂದ ಜನರು ಹೆಗಲಿಗೆ ಚೀಲ ತೂಗಿಹಾಕಿಕೊಂಡು, ಬಾಯಲ್ಲಿ ಕೊಟ್ಟೂರೇಶ್ವರನ ನಾಮ ಹಿಡಿದು ನಡೆಯತೊಡಗುತ್ತಾರೆ. ಕೆಲವರದು ಹರಕೆ, ಕೆಲವರದು ಹಿರಿಯರಿಂದ ಬಂದ ವಾಡಿಕೆ, ಇನ್ನು ಕೆಲವರದು ನೋಡಿಬರುವ ಆಸೆ. ಮೂವರಿಗೂ ಊರು ಒಂದೇ, ಬೀದಿ ಒಂದೇ, ನೂಕುನುಗ್ಗಲೂ ಒಂದೇ.

ಕೊಟ್ಟೂರು ದೊಡ್ಡ ನಗರವೇನೂ ಅಲ್ಲ. ಹಿಂದೆ ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಅದರೊಳಗೆ ಸೇರಿತು. ಇಂಥ ಊರಿಗೆ ಒಂದೇ ದಿನ ಲಕ್ಷಗಟ್ಟಲೆ ಜನ ಬಂದು ಸೇರಿದರೆ ಊರು ಎಷ್ಟು ಅತಿಥಿಸತ್ಕಾರ ಬಲ್ಲದಾದರೂ ಎಲ್ಲರಿಗೂ ನೆರಳು, ನೀರು, ನಿಲ್ಲುವ ಜಾಗ ಒದಗಿಸುವುದು ಸುಲಭವಲ್ಲ. ಆದುದರಿಂದ ಬರುವವನು ಅರ್ಧ ಸಿದ್ಧತೆಯನ್ನು ಮನೆಯಲ್ಲಿಯೇ ಮಾಡಿಕೊಂಡು ಬರುವುದು ಅವನಿಗೂ ಹಿತ, ಊರಿಗೂ ಹಿತ.

ದಿನವನ್ನು ಗೊತ್ತುಮಾಡಿಕೊಳ್ಳುವುದು

ಶ್ರೀ ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ಇಂಗ್ಲಿಷ್ ತಾರೀಖಿನ ನಿಯಮವಿಲ್ಲ. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡುವ ದಿನ ತೇರು ಸಾಗಬೇಕೆಂಬುದು ಇಲ್ಲಿಯ ಕ್ರಮ. ಹಾಗಾಗಿ ಕೆಲವು ವರ್ಷ ಅದು ಫೆಬ್ರುವರಿಯಲ್ಲಿ ಬೀಳುತ್ತದೆ, ಕೆಲವು ವರ್ಷ ಮಾರ್ಚ್ ಮೊದಲ ವಾರಕ್ಕೆ ಸರಿಯುತ್ತದೆ. ಹೋದ ವರ್ಷದ ತಾರೀಖನ್ನು ನಂಬಿ ರಜೆ ಹಾಕಿದವನು ಖಾಲಿ ಬೀದಿಯನ್ನು ನೋಡಿಕೊಂಡು ಮರಳಬೇಕಾದೀತು. ಪಂಚಾಂಗವನ್ನೋ ದೇವಸ್ಥಾನದ ಪ್ರಕಟಣೆಯನ್ನೋ ನೋಡಿದ ಮೇಲೆಯೇ ಹೊರಡುವುದು ಲೇಸು.

ತೇರಿನ ದಿನವೇ ಬಂದು ಅದೇ ರಾತ್ರಿ ಹೊರಡುವೆನೆಂಬವನಿಗೆ ತೇರು ಕಾಣುತ್ತದೆ, ಕೊಟ್ಟೂರು ಕಾಣುವುದಿಲ್ಲ. ಒಂದು ದಿನ ಮೊದಲೇ ಬಂದವನಿಗೆ ಎರಡೂ ದಕ್ಕುತ್ತವೆ. ಅವನು ಮಠಗಳನ್ನು ಸಮಾಧಾನದಿಂದ ನೋಡುತ್ತಾನೆ. ಮರುದಿನ ಜನಜಂಗುಳಿ ನೆರೆದಾಗ ಯಾವ ಓಣಿ ಎಲ್ಲಿಗೆ ತೆರೆಯುತ್ತದೆಂಬುದು ಅವನ ಕಾಲಿಗೆ ಆಗಲೇ ತಿಳಿದಿರುತ್ತದೆ. ಹೊಸಬನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರೆಯಿಲ್ಲ.

ದಾರಿಯ ವಿಚಾರ

ಹೊಸಪೇಟೆಯಿಂದ ಕೊಟ್ಟೂರಿಗೆ ರೈಲುಹಾದಿ ಬಂದದ್ದು 1905ರಲ್ಲಿ. ಬಹುಕಾಲ ಕೊಟ್ಟೂರೇ ಆ ಹಾದಿಯ ಕೊನೆಯ ನಿಲ್ದಾಣವಾಗಿತ್ತು. ಈಗ ಹಳಿ ಹರಿಹರದವರೆಗೂ ಬೆಳೆದಿದೆ. ಹೊಸಪೇಟೆ–ಹರಿಹರ ನಡುವೆ ಪ್ರಯಾಣಿಕರ ಗಾಡಿ 2019ರಲ್ಲಿ ಆರಂಭವಾಯಿತು. ಆದರೆ ಈ ಹಾದಿಯಲ್ಲಿ ಗಾಡಿಗಳು ಬಲು ವಿರಳ. ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳದೆ ನಿಲ್ದಾಣಕ್ಕೆ ಹೋಗಿ ಕುಳಿತರೆ ದಿನವೆಲ್ಲ ಅಲ್ಲಿಯೇ ಕಳೆದುಹೋದೀತು.

ಬಹುಮಂದಿ ಬರುವುದು ಬಸ್ಸಿನಲ್ಲಿ. ಕೂಡ್ಲಿಗಿಯಿಂದ ಸುಮಾರು 20 ಕಿಲೋಮೀಟರ್, ಹರಪನಹಳ್ಳಿಯಿಂದ ಸುಮಾರು 30, ದಾವಣಗೆರೆಯಿಂದ 60ಕ್ಕೂ ತುಸು ಹೆಚ್ಚು. ಸ್ವಂತ ವಾಹನದಲ್ಲಿ ಬರುವವನು ಅದನ್ನು ಊರಿನ ಹೊರಗೆ, ತಾನು ಮರಳಬೇಕಾದ ರಸ್ತೆಯ ಮಗ್ಗುಲಲ್ಲಿಯೇ ನಿಲ್ಲಿಸತಕ್ಕದ್ದು. ಊರೊಳಗೆ ಒಯ್ದ ಗಾಡಿಯು ತೇರು ಮುಗಿದ ಎಷ್ಟೋ ತಾಸಿನವರೆಗೆ ಅಲುಗಾಡುವುದಿಲ್ಲ. ರಾತ್ರಿ ಗಾಡಿ ನಡೆಸುವವನಿಗೆ ಇನ್ನೊಂದು ಎಚ್ಚರಿಕೆ: ಈ ದಿನಗಳಲ್ಲಿ ರಸ್ತೆಯ ಅಂಚು ನಡೆಯುವವರದು. ಅವರಲ್ಲಿ ಎಷ್ಟೋ ಜನ ದಣಿದು ಅರೆನಿದ್ರೆಯಲ್ಲಿ ಹೆಜ್ಜೆ ಹಾಕುತ್ತಿರುತ್ತಾರೆ. ವೇಗವನ್ನು ಅರ್ಧಕ್ಕಿಳಿಸಿದರೆ ಕಳೆದುಕೊಳ್ಳುವುದು ಒಂದು ಗಳಿಗೆ ಮಾತ್ರ.

ನಡೆದು ಬರುವವರಿಗೆ

ಮನುಷ್ಯನು ಒಂದು ತಾಸಿಗೆ ನಾಲ್ಕು ಕಿಲೋಮೀಟರ್ ನಡೆದಾನು. ಆ ಲೆಕ್ಕದಲ್ಲಿ ದಾವಣಗೆರೆಯ ಯಾತ್ರಿಕನಿಗೆ ಹದಿನೈದು ತಾಸಿಗೂ ಮಿಕ್ಕ ನಡಿಗೆಯಾಯಿತು. ಇದನ್ನು ಒಂದೇ ದಮ್ಮಿನಲ್ಲಿ ಮುಗಿಸುವೆನೆಂದು ಹೊರಟವನು ಬಹಳ ಸಲ ಅರ್ಧ ದಾರಿಯಲ್ಲಿ ಬಸ್ಸು ಹತ್ತುತ್ತಾನೆ. ಅನುಭವಸ್ಥರು ಎರಡು ದಿನಕ್ಕೆ ಹಂಚಿಕೊಳ್ಳುತ್ತಾರೆ. ಬೆಳಗಿನ ತಂಪಿನಲ್ಲಿಯೂ ಹೊತ್ತು ಇಳಿದ ಮೇಲೆಯೂ ನಡೆದು, ನಡುಹಗಲಿನಲ್ಲಿ ಮರದಡಿ ಒರಗುತ್ತಾರೆ. ಮಾಘದ ರಾತ್ರಿ ಚಳಿ ಇದ್ದರೂ ಹಗಲಿನ ಬಿಸಿಲು ಆಗಲೇ ಬೇಸಿಗೆಯದು. ಡಾಂಬರು ಕಾದಾಗ ಬರಿಗಾಲಿನಲ್ಲಿ ನಡೆದರೆ ಅಂಗಾಲಿನಲ್ಲಿ ಬೊಬ್ಬೆ ಏಳುವುದು ಖಂಡಿತ. ಬರಿಗಾಲ ಹರಕೆ ಹೊತ್ತವರು ರಸ್ತೆಯ ಪಕ್ಕದ ಮಣ್ಣನ್ನು ಹಿಡಿದು ನಡೆಯಬೇಕು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ನೋವು ಕೊಡದೆಯೇ ಬೆಳೆಯಬಹುದಾದ್ದರಿಂದ ಅವರು ವೈದ್ಯರನ್ನು ಕೇಳದೆ ಬರಿಗಾಲಿನ ಹರಕೆ ಹೊರಕೂಡದು.

ಊಟದ ಚಿಂತೆ ಈ ದಾರಿಯಲ್ಲಿ ಕಡಿಮೆ. ಹಾದಿಯ ಹಳ್ಳಿಗಳವರು ಚಪ್ಪರ ಹಾಕಿ ಅನ್ನ, ಮಜ್ಜಿಗೆ, ಹಣ್ಣು ಹಿಡಿದು ನಿಂತಿರುತ್ತಾರೆ, ಬೇಡವೆಂದರೆ ಬೇಸರಪಟ್ಟುಕೊಳ್ಳುತ್ತಾರೆ. ಆದರೂ ಪ್ರತಿ ಚಪ್ಪರದಲ್ಲಿಯೂ ಉಣ್ಣುವವನು ಮುಂದೆ ನಡೆಯಲಾರ. ಹಿಡಿಯಷ್ಟು ತಿಂದು, ಎಲೆಯನ್ನು ಗುಂಡಿಯಲ್ಲಿಯೇ ಹಾಕಿ, ತನ್ನ ನೀರಿನ ಬಾಟಲಿಯನ್ನು ತುಂಬಿಕೊಂಡು ಮುಂದುವರಿಯುವುದೇ ಆ ಅನ್ನಕ್ಕೆ ತೋರಿಸುವ ಮರ್ಯಾದೆ.

ಎಳೆಯುವವರೋ? ನೋಡುವವರೋ?

ತೇರಿನ ಮುಂದೆ ಹೋಗುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಸ್ಪೇನ್ ದೇಶದ ಪಾಂಪ್ಲೋನಾ ಎಂಬ ನಗರದಲ್ಲಿ ಜುಲೈ ತಿಂಗಳ 7ರಿಂದ 14ರವರೆಗೆ ಬೆಳಿಗ್ಗೆ ಎಂಟು ಗಂಟೆಗೆ ಗೂಳಿಗಳನ್ನು ಬೀದಿಗೆ ಬಿಡುತ್ತಾರೆ. ಜನ ಅವುಗಳ ಮುಂದೆ ಓಡುತ್ತಾರೆ. ಅಲ್ಲಿ ಬೀದಿಯ ಬದಿಗೆ ಮರದ ಬೇಲಿಗಳನ್ನು ಎರಡು ಸಾಲಾಗಿ ನೆಡುತ್ತಾರೆ. ಓಡುವವರು ಬೇಲಿಯ ಒಳಗೆ, ನೋಡುವವರು ಎರಡನೆಯ ಬೇಲಿಯ ಆಚೆಗೆ. ಎರಡರ ನಡುವಿನ ಜಾಗ ಗಾಯಗೊಂಡವರನ್ನು ಎತ್ತುವವರಿಗೆ. ಹಬ್ಬ ಬೇರೆ, ದೇಶ ಬೇರೆ. ಆದರೆ ಒಳಗಿರುವವನು ಯಾರು, ಹೊರಗಿರುವವನು ಯಾರು ಎಂಬುದನ್ನು ಮೊದಲೇ ತೀರ್ಮಾನಿಸುವ ವಿವೇಕ ಎಲ್ಲಿಯೂ ಒಂದೇ.

ಕೊಟ್ಟೂರಿನ ತೇರಿನ ಬೀದಿಯಲ್ಲಿ ಅಂಥ ಬೇಲಿಯನ್ನು ನೋಡುವವನು ತನ್ನ ಮನಸ್ಸಿನಲ್ಲಿಯೇ ಹಾಕಿಕೊಳ್ಳಬೇಕು. 2017ರ ಫೆಬ್ರುವರಿ 21ರಂದು ಸಂಜೆ, ಸಾವಿರಾರು ಜನರ ಕಣ್ಣೆದುರಿಗೇ, ಸುಮಾರು 60 ಅಡಿ ಎತ್ತರದ ತೇರು ವಾಲಿ ಬೀದಿಗೆ ಉರುಳಿತು. ಹಲವರು ಗಾಯಗೊಂಡರು. ಆಮೇಲೆ ಹೊಸ ತೇರನ್ನು ಕಟ್ಟಿಸಲಾಯಿತು, ಉತ್ಸವ ಎಂದಿನಂತೆ ನಡೆದುಬಂದಿದೆ. ಆದರೆ ಅಂದಿನ ಪಾಠವನ್ನು ಮರೆಯಬಾರದು. ಎತ್ತರವಾದ ತೇರಿನ ಭಾರವೆಲ್ಲ ಗಾಲಿಗಳ ಮೇಲೆ. ನೆಲದ ಒಂದು ತಗ್ಗು, ಹಗ್ಗದ ಒಂದು ಅಸಮವಾದ ಸೆಳೆತ ಕೂಡ ಮೇಲಿನ ಕಳಸವನ್ನು ಬಲು ದೂರಕ್ಕೆ ತೂಗಿಸುತ್ತದೆ. ಆದಕಾರಣ ತೇರು ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ದೂರದಲ್ಲಿ ನಿಂತವನೇ ನಿಜವಾಗಿ ದೂರ ನಿಂತವನು. ಅಲ್ಲಿಂದ ತೇರು ಇಡಿಯಾಗಿ ಕಾಣುವುದೂ ಉಂಟು. ಹತ್ತಿರ ನಿಂತವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ.

ಗಾಲಿಗೆ ಮರದ ಸನ್ನೆ ಕೊಟ್ಟು ದಿಕ್ಕು ತಿದ್ದುವವರ ಕೆಲಸ ಅಭ್ಯಾಸವಿದ್ದವರದು. ಅವರ ಹತ್ತಿರಕ್ಕೆ ಹೊಸಬರು ಸುಳಿಯಕೂಡದು. ಭಕ್ತರು ತೇರಿಗೆ ಎಸೆದ ಬಾಳೆಹಣ್ಣು ನೆಲಕ್ಕೆ ಬಿದ್ದು ಜಾರಿಕೆಯಾಗಿರುತ್ತದೆ; ಅದನ್ನು ಆಯಲು ಬಗ್ಗುವುದು ಅಪಾಯಕ್ಕೆ ಕತ್ತು ಒಡ್ಡಿದಂತೆ. ಹಳೆಯ ಮಾಳಿಗೆಗಳ ಮೇಲೆ, ಅಂಗಡಿಗಳ ತಗಡಿನ ಮೇಲೆ ಏರುವುದೂ ಬೇಡ. ಅವನ್ನು ಕಟ್ಟಿದವರು ಇಷ್ಟು ಜನರ ಭಾರವನ್ನು ಎಣಿಸಿರಲಿಲ್ಲ. ನಿಲ್ಲುವ ಜಾಗವನ್ನು ಆರಿಸುವಾಗ ಬೆನ್ನ ಹಿಂದೆ ಗೋಡೆಗಿಂತ ಓಣಿ ಇರುವುದು ಮೇಲು. ಜನ ಒತ್ತಿದಾಗ ಗೋಡೆ ಜಾಗ ಕೊಡದು, ಓಣಿ ಕೊಡುತ್ತದೆ. ಒಂದು ವೇಳೆ ಗುಂಪಿನೊಳಗೆ ಸಿಕ್ಕಿದರೆ ಎದುರು ನುಗ್ಗದೆ, ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿಟ್ಟುಕೊಂಡು ಉಸಿರಿಗೆ ಎಡೆ ಮಾಡಿಕೊಂಡು, ಗುಂಪು ಸಾಗಿದಂತೆ ಓರೆಯಾಗಿ ಅಂಚಿಗೆ ಸರಿಯಬೇಕು.

ಮಕ್ಕಳನ್ನು ಕರೆತಂದವರು ಮಗುವಿನ ಜೇಬಿನಲ್ಲಿ ಹೆಸರು, ಊರು, ತಂದೆತಾಯಿಯ ಫೋನ್ ಸಂಖ್ಯೆ ಬರೆದ ಚೀಟಿ ಇರಿಸುವುದು ಮರೆಯಬಾರದು. ಮೊಬೈಲು ಇದೆಯೆಂಬ ಧೈರ್ಯ ಇಲ್ಲಿ ಸಾಲದು. ಅಷ್ಟು ಜನ ಸೇರಿದೆಡೆ ಕರೆ ಸಿಗುವುದೇ ಕಷ್ಟ. ಬೇರೆಯಾದರೆ ಎಲ್ಲಿ ಸೇರಬೇಕೆಂದು ಒಂದು ಗುರುತಿನ ಜಾಗವನ್ನು ಬೆಳಿಗ್ಗೆಯೇ ಎಲ್ಲರಿಗೂ ತೋರಿಸಿಡಬೇಕು. ಪೊಲೀಸರ ನೆರವಿಗೆ 112, ಆಂಬುಲೆನ್ಸಿಗೆ 108 ಎಂಬ ಸಂಖ್ಯೆಗಳು ಹಿರಿಯರಿಗೂ ಬಾಯಿಪಾಠವಾಗಿರಲಿ.

ತಪ್ಪಿಸಿಕೊಳ್ಳಬಾರದ ಗಳಿಗೆ

ತೇರು ಕದಲುವ ಮುನ್ನ ದಲಿತ ಮಹಿಳೆಯರು ಬಂದು ಆರತಿ ಬೆಳಗುತ್ತಾರೆ. ಆ ಆರತಿಯಾದ ಮೇಲೆಯೇ ತೇರಿಗೆ ಚಾಲನೆ. ಇದು ಇಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ. ಲಕ್ಷ ಜನರ ನೂಕಾಟದ ನಡುವೆ ಆ ಸಣ್ಣ ದೀಪಗಳಿಗೆ ದಾರಿ ಬಿಡುವುದನ್ನು ಕಂಡವನಿಗೆ ಈ ಊರಿನ ಮನಸ್ಸು ಅರ್ಥವಾಗುತ್ತದೆ. ಬಹುಮಂದಿ ಪ್ರವಾಸಿಗರು ಕ್ಯಾಮರಾವನ್ನು ತೇರಿನ ಕಳಸಕ್ಕೆ ಗುರಿಯಿಟ್ಟು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಚಿತ್ರ ತೆಗೆಯುವವರು ಆ ಮಹಿಳೆಯರ ದಾರಿಗೆ ಅಡ್ಡ ನಿಲ್ಲದಿರುವುದು ಸೌಜನ್ಯ.

ತೇರು ನಿಂತೊಡನೆ ಎಲ್ಲರೂ ಬಸ್ ನಿಲ್ದಾಣಕ್ಕೆ ಓಡುತ್ತಾರೆ. ಜಾಣನು ಆಗ ಓಡುವುದಿಲ್ಲ. ಎಲ್ಲಾದರೂ ಕುಳಿತು ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿನ್ನುತ್ತಾನೆ. ಕೊಟ್ಟೂರಿನ ಮಿರ್ಚಿಗೆ ಈ ಸೀಮೆಯಲ್ಲೆಲ್ಲ ಹೆಸರಿದೆ. ಕಣ್ಣೆದುರಿಗೆ ಎಣ್ಣೆಯಿಂದ ಎತ್ತಿದ್ದನ್ನು ತಿನ್ನಬೇಕು. ತಟ್ಟೆಯಲ್ಲಿ ಆರಿ ಧೂಳು ಕುಡಿದದ್ದನ್ನು ಬಿಡಬೇಕು. ಅಷ್ಟರಲ್ಲಿ ರಸ್ತೆ ಸಡಿಲವಾಗಿರುತ್ತದೆ.

ಜಾತ್ರೆಯಿಲ್ಲದ ದಿನದ ಕೊಟ್ಟೂರು

ಗುರುವಿಗೆ ಈ ಸ್ಥಳವನ್ನು ವೀರಭದ್ರನು ಬಿಟ್ಟುಕೊಟ್ಟನೆಂದೂ, ಹಾಗೆ ‘ಕೊಟ್ಟ ಊರು’ ಆದದ್ದರಿಂದ ಕೊಟ್ಟೂರಾಯಿತೆಂದೂ ಜನ ಹೇಳುತ್ತಾರೆ. ಇದಕ್ಕೆ ಶಿಖಾಪುರವೆಂಬ ಹೆಸರೂ ಉಂಟು. ಗುರುವು ಅಕ್ಬರ್ ಬಾದಶಹನ ಆಸ್ಥಾನಕ್ಕೆ ಹೋಗಿದ್ದ ಕಥೆಯನ್ನು ಹೇಳುವ ಹಿರಿಯರು ಇಂದಿಗೂ ಸಿಗುತ್ತಾರೆ. ಇಂಥ ಕಥೆಗಳನ್ನು ಕೇಳಲು ಕಟ್ಟೆಯ ಮೇಲೆ ಪುರುಸೊತ್ತಾಗಿ ಕೂರಬೇಕು; ತೇರಿನ ದಿನ ಅದು ಆಗದ ಮಾತು. ಹಿರೇಮಠ, ತೊಟ್ಟಿಲುಮಠ, ಗುರುವಿನ ಸಮಾಧಿಯಿರುವ ಗಚ್ಚಿನಮಠ ಇವನ್ನು ಒಂದೇ ಬೆಳಗಿನಲ್ಲಿ ಕಾಲ್ನಡಿಗೆಯಲ್ಲಿಯೇ ನೋಡಬಹುದು.

ಇನ್ನೊಂದೆರಡು ದಿನ ಬಿಡುವಿದ್ದವರಿಗೆ ಸುತ್ತಲ ಸೀಮೆ ತೆರೆದೇ ಇದೆ. ಹತ್ತಿರದ ಉಜ್ಜಿನಿ ವೀರಶೈವರ ಪಂಚಪೀಠಗಳಲ್ಲಿ ಒಂದು. ‘ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು’ ಎಂಬ ಮಾತು ಹುಟ್ಟಿದ್ದು ಅಲ್ಲಿಯ ಗುಡಿಯೊಳಗಿನ ಕೆತ್ತನೆಯಿಂದ. ಆದ್ದರಿಂದ ಹೊರಗಿನಿಂದಲೇ ಕೈಮುಗಿದು ಮರಳಬಾರದು. ಹರಪನಹಳ್ಳಿಯ ಬಳಿಯ ಬಾಗಳಿಯಲ್ಲಿ ಸಾವಿರ ವರ್ಷದ ಕಲ್ಲೇಶ್ವರ ದೇವಾಲಯವಿದೆ. ಹಡಗಲಿ ತಾಲ್ಲೂಕಿನ ಕುರುವತ್ತಿಯಲ್ಲಿ, ತುಂಗಭದ್ರೆಯ ದಂಡೆಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನೋಡಲು ಕತ್ತೆತ್ತುವ ತಾಳ್ಮೆ ಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹಕ್ಕಿಗಳ ಬೀಡು. 2024ರಲ್ಲಿ ಅದು ರಾಮ್‌ಸಾರ್ ಪಟ್ಟಿಗೆ ಸೇರಿ ಲೋಕದ ಮಹತ್ವದ ಜೌಗುನೆಲಗಳ ಸಾಲಿನಲ್ಲಿ ನಿಂತಿತು. ಅಲ್ಲಿಗೆ ನಸುಕಿನಲ್ಲಿಯೇ ಹೋಗಬೇಕು, ಗದ್ದಲ ಮಾಡಬಾರದು.

ಯಾತ್ರೆಗೆ ಹೋದವನು ಕ್ಷೇಮವಾಗಿ ಮನೆಗೆ ಮರಳಿದಾಗಲೇ ಯಾತ್ರೆ ಪೂರ್ತಿಯಾಗುವುದು. ಹೊಸಿಲಲ್ಲಿ ಕಾಯುವ ಮಕ್ಕಳಿಗೆ ಮಂಡಕ್ಕಿಯ ಪೊಟ್ಟಣ ಕೊಟ್ಟು, ಮುಂದಿನ ಮಾಘಕ್ಕೆ ಜೊತೆಗೆ ಯಾರು ಯಾರು ಎಂದು ಲೆಕ್ಕ ಹಾಕುವವನೇ ತೇರನ್ನು ಕಣ್ತುಂಬ ಕಂಡವನು.