ಹೊಳೆಯಿಲ್ಲದ ಊರಿನ ಕಸುಬು

ಕೈಗಾರಿಕೆಯ ಊರೆಂದೊಡನೆ ನೆನಪಿಗೆ ಬರುವುವು ಭದ್ರೆಯ ದಡದ ಭದ್ರಾವತಿ, ತುಂಗಭದ್ರೆಯ ದಡದ ಹರಿಹರ. ತಿಪಟೂರಿಗೆ ಅಂತಹ ಹೊಳೆಯ ಭಾಗ್ಯವಿಲ್ಲ. ಕೆರೆಗಳುಂಟು, 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ತೆರೆದ ರೈಲುದಾರಿಯುಂಟು. ಆದರೂ ಇಲ್ಲಿಯ ಉಂಡೆಕೊಬ್ಬರಿ ಉತ್ತರ ಹಿಂದೂಸ್ಥಾನದ ಮದುವೆ, ಪೂಜೆಗಳಿಗೆ ಹೋಗುತ್ತದೆ.

ಅದಕ್ಕೆ ಕಾರಣ, ವಿಚಿತ್ರವೆನಿಸಬಹುದು, ಈ ಸೀಮೆಯ ಒಣಹವೆಯೇ. ಬಲಿತ ಕಾಯನ್ನು ಮಟ್ಟೆ ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಸದ್ದು. ಆಮೇಲೆ ಉಂಡೆಗೆ ಪೆಟ್ಟಾಗದಂತೆ ಚಿಪ್ಪೊಡೆಯುವ ಹೆಂಗಸರ ಕೈಚಳಕವನ್ನು ಯಾವ ಕಾರ್ಖಾನೆಯ ಕುಶಲತೆಗಿಂತಲೂ ಕಡಿಮೆಯೆಂದು ನಾನು ಎಣಿಸಲಾರೆ. ಕರಾವಳಿಯ ತೇವದಲ್ಲಿ ಇಷ್ಟು ದಿನ ಕಾದರೆ ಬೂಷ್ಟು ಹಿಡಿದೀತು.

ಆದರೆ ಕೊಬ್ಬರಿಗೆ ಒಗ್ಗುವ ಒಣಹವೆ ಮರಕ್ಕೆ ಒಗ್ಗದು. ಬರದ ವರ್ಷಗಳಲ್ಲಿ ಕೆರೆ ಬತ್ತಿ, ಕೊಳವೆಬಾವಿಗಳೂ ಸೋತು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆ ತೆಂಗಿನ ಸುಳಿಗಳು ಒಣಗಿದ್ದನ್ನು ಕಂಡಿದ್ದೇನೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹೇಮಾವತಿಯ ನೀರು ಕಾಲುವೆ ಹಿಡಿದು ಈ ಜಿಲ್ಲೆಗೆ ಬಂದಿತು. ನೀರು ಯಾವ ಕೆರೆಗೆ ಎಂದು ಬರುತ್ತದೆಂಬುದನ್ನು ರೈತರು ಈಗ ಕೊಬ್ಬರಿಯ ಧಾರಣೆಯಷ್ಟೇ ಕಾತರದಿಂದ ವಿಚಾರಿಸುತ್ತಾರೆ.