ಚಾಲಕನ ನಿದ್ದೆಯೂ ಪುದೀನದ ಪರಿಮಳವೂ

ಊರಿನಿಂದ ಬಂದ ನೆಂಟರಿಗೆ ತಾಜಮಹಲನ್ನು ತೋರಿಸಿ ಕಳುಹಿಸುವುದು ದೆಹಲಿಯ ಕನ್ನಡಿಗರಿಗೆ ತಪ್ಪದ ವ್ರತ. 2012ರಲ್ಲಿ ಗ್ರೇಟರ್ ನೋಯ್ಡಾದಿಂದ ಆಗ್ರಾಕ್ಕೆ ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆದ ಮೇಲೆ ಈ ವ್ರತ ಇನ್ನಷ್ಟು ಸುಲಭವಾಗಿದೆ. ಬೆಳಗಿನ ಜಾವ ಹೊರಟು ರಾತ್ರಿ ಮರಳುವಾಗ ನೆಂಟರು ಹಿಂದಿನ ಆಸನದಲ್ಲಿ ಸುಖವಾಗಿ ನಿದ್ರಿಸುತ್ತಾರೆ, ನಿದ್ರಿಸಬಾರದವನು ಚಾಲಕನೊಬ್ಬನೇ. ಸುಮಾರು 165 ಕಿಲೋಮೀಟರುಗಳ ಕಾಂಕ್ರೀಟು ರಸ್ತೆಯ ಏಕತಾನತೆಯೇ ಅವನಿಗೆ ಜೋಗುಳವಾಗುತ್ತದೆ.

ಆಗ ಕೆಲವರು ಹಣೆಗೆ ಅಮೃತಾಂಜನ ತಿಕ್ಕುತ್ತಾರೆ, ಕೆಲವರು ಪೆಪ್ಪರಮಿಂಟು ಚೀಪುತ್ತಾರೆ. ಇದು ಕೇವಲ ಮೂಢನಂಬಿಕೆಯಲ್ಲ. ಪುದೀನದ ಸತ್ವವಾದ ಮೆಂಥಾಲ್ ಘ್ರಾಣನರವನ್ನಷ್ಟೇ ಅಲ್ಲದೆ, ಮುಖದ ತಂಪು, ಉರಿ, ನೋವುಗಳನ್ನು ಮಿದುಳಿಗೆ ಒಯ್ಯುವ ತ್ರಿಶಾಖಾ ನರವನ್ನೂ ಕೆರಳಿಸುತ್ತದೆ. ಅಮೆರಿಕದ ವ್ಹೀಲಿಂಗ್ ಜೆಸ್ಯೂಟ್ ವಿಶ್ವವಿದ್ಯಾಲಯದ ಬ್ರಯಾನ್ ರೌಡೆನ್‌ಬುಷ್ ಅವರು 2005ರ ಸುಮಾರಿಗೆ ನಡೆಸಿದ ಪ್ರಯೋಗದಲ್ಲಿ ಪುದೀನ ಮತ್ತು ದಾಲ್ಚಿನ್ನಿಯ ವಾಸನೆಗಳು ಚಾಲನೆಯಲ್ಲಿ ಎಚ್ಚರವನ್ನು ಹೆಚ್ಚಿಸಿ ಕಿರಿಕಿರಿಯನ್ನು ತಗ್ಗಿಸಿದವು. ಆದರೆ ಅದು ಪ್ರಯೋಗಾಲಯದ ಕೃತಕ ಚಾಲನೆ, ರಾತ್ರಿಯ ಹೆದ್ದಾರಿಯಲ್ಲ.

ಮುಡಿದ ಮಲ್ಲಿಗೆಯ ಕಂಪು ಮುಡಿದವರಿಗೇ ಸ್ವಲ್ಪ ಹೊತ್ತಿನಲ್ಲಿ ತಿಳಿಯದಾಗುತ್ತದೆ. ಕಾರಿನಲ್ಲಿ ತೂಗುಹಾಕಿದ ಸುಗಂಧದ ಗತಿಯೂ ಅದೇ. ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ: 2004ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಮತ್ತು ರೇಚಲ್ ಹರ್ಟ್ಸ್ ಅವರು ಕಂಡುಕೊಂಡಂತೆ, ಜೋಂಪಿನ ಮೊದಲ ಹಂತ ದಾಟಿದವರನ್ನು ಶಬ್ದವು ಎಬ್ಬಿಸಿತು, ಪುದೀನದ ವಾಸನೆ ಎಬ್ಬಿಸಲಿಲ್ಲ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ ವಾಹನವು 110 ಮೀಟರು ಮುಂದೆ ಹೋಗಿರುತ್ತದೆ. ಪರಿಮಳದಿಂದ ದೊರೆತ ಚೇತನವನ್ನು ನಂಬಿ ಇನ್ನೊಂದು ಗಂಟೆ ಓಡಿಸುವುದೇ ಅಪಾಯ. ಅದನ್ನು ನಿಲ್ಲಲು ತಾಣ ಹುಡುಕುವವರೆಗಿನ ಆಸರೆಯೆಂದಷ್ಟೇ ಬಗೆಯಬೇಕು.

ರಸ್ತೆಯ ಅಂಚಿನಲ್ಲಿ, ಅದರಲ್ಲಿಯೂ ಚಳಿಗಾಲದ ಮಂಜಿನಲ್ಲಿ, ಎಂದಿಗೂ ನಿಲ್ಲಿಸಬಾರದು. ವಿಶ್ರಾಂತಿ ತಾಣದಲ್ಲಿ ಒಂದು ಲೋಟ ಕಾಫಿ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಮಲಗುವುದು ಉತ್ತಮ. ಕಾಫಿಯ ಕೆಫೀನ್ ಪ್ರಭಾವ ಬೀರಲು ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು. ಮನೆಯಿಂದ ಫ್ಲಾಸ್ಕಿನಲ್ಲಿ ಒಯ್ದ ಫಿಲ್ಟರ್ ಕಾಫಿಗೆ ಇದಕ್ಕಿಂತ ಸಾರ್ಥಕ್ಯ ಬೇರೆಯಿಲ್ಲ.

ಬಾಡಿಗೆ ಕಾರಿನ ಚಾಲಕನ ವಿಷಯದಲ್ಲಿ ಮಾತ್ರ ನಮ್ಮವರ ಕಾಳಜಿ ಸಾಲದು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಸಾಮಾನ್ಯ ಮಿತಿಯಾಗಿಟ್ಟಿತ್ತು. ಆಗ್ರಾ ಯಾತ್ರೆ ಒಂದೇ ಅದನ್ನು ಮೀರುತ್ತದೆ. ಹೊರಡುವ ಮುನ್ನ ದರವನ್ನು ಚೌಕಾಶಿ ಮಾಡುವವರು, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದಿರಿ ಎಂದು ಅವನನ್ನು ಕೇಳಬೇಕು. ಉತ್ತರ ಸಮಾಧಾನಕರವಾಗಿರದಿದ್ದರೆ ತಾಜಮಹಲನ್ನು ಮರುದಿನ ನೋಡಬಹುದು, ಅದು ಶುಕ್ರವಾರವಾಗಿರದಿದ್ದರೆ ಸಾಕು.